ಮುತ್ತಜ್ಜನನ್ನು ಬಿಡಿಸಿಕೊಂಡು ಬಂದದ್ದು

ನಮ್ಮ ಅಡಿಗೆಮನೆಯಲ್ಲಿ ಒಂದು ಹಿತ್ತಾಳೆ ಬೋಗುಣಿ ಇದೆ. ಅದರ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಕೆ. ರಂಗಪ್ಪ’ ಎಂದು ಕೊರೆದಿದೆ. ನನ್ನ ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ರಂಗಪ್ಪ ಎಂಬುವರು ಹಿಂದೆ ಇರಲಿಲ್ಲ, ಈಗಲೂ ಇಲ್ಲ, ಮುಂದೆ ಹುಟ್ಟುವ ಸೂಚನೆಯೂ ಕಾಣುತ್ತಿಲ್ಲ. ಯಾವುದೋ ಕಾಲದಲ್ಲಿ ಒಂದು ಮದುವೆಮನೆಗೆ ನಮ್ಮಜ್ಜಿ ಹೂರಣ ತುಂಬಿ ಕಳಿಸಿದ ಬೋಗುಣಿ, ವಾಪಸು ಬರುವಾಗ ರಂಗಪ್ಪನಾಗಿ ಬಂತಂತೆ. ಅಂದರೆ ನಮ್ಮ ಹೆಸರಿನ ಬೋಗುಣಿ ಇವತ್ತಿಗೂ ಆ ರಂಗಪ್ಪನ ಮನೆಯಲ್ಲಿರಬೇಕು. ಅಲ್ಲಿ ಯಾರೋ ಒಬ್ಬ ಸೊಸೆ ಹುಣಸೆಹಣ್ಣು ಹಾಕಿ ತಿಕ್ಕುತ್ತಾ, ‘ಯಾರಪ್ಪ ಇವ್ನು, ನಮ್ಮನೇಲಿ ಬಂದು ಕೂತವ್ನೆ’ ಎಂದು ನಮ್ಮ ಮುತ್ತಜ್ಜನ ಹೆಸರು ಓದುತ್ತಿರಬಹುದು. ಓದಿಕೊಳ್ಳಲಿ. ನಮಗಂತೂ ಆ ಹೆಸರು ಏನೆಂದು ಹೋದ ವರ್ಷದವರೆಗೆ ಸರಿಯಾಗಿ ಗೊತ್ತಿರಲಿಲ್ಲ.

ಹೆಸರಿನ ವಿಚಾರದಲ್ಲಿ ನಾನು ಬೇರೆಯವರನ್ನು ಆಡಿಕೊಳ್ಳುವ ಹಾಗಿಲ್ಲ. ಕಡೂರಿನಲ್ಲಿ ಹುಟ್ಟಿದಾಗ ನಾನು ಶಾರದ. ತರೀಕೆರೆಗೆ ಸೊಸೆಯಾಗಿ ಬಂದು ನೋಡಿದರೆ ಅತ್ತೆಯವರ ಹೆಸರೂ ಶಾರದಮ್ಮ. ಒಂದೇ ಮನೆಯಲ್ಲಿ ಇಬ್ಬರು ಶಾರದೆಯರಿದ್ದರೆ ಬೈಯುವಾಗ ಗೊಂದಲವಾಗುತ್ತದೆ ಎಂದು ನನ್ನನ್ನು ಸುಧಾ ಮಾಡಿದರು. ಬ್ಯಾಂಕಿನಲ್ಲಿ ನಾನು ಶಾರದ, ಬೀದಿಯಲ್ಲಿ ಸುಧಕ್ಕ, ಆಧಾರ್ ಕಾರ್ಡಿನ ಫೋಟೋದಲ್ಲಿ ಯಾರೋ ಮೂರನೆಯವಳು. ಅತ್ತೆ ತೀರಿಕೊಂಡ ಮೇಲೆ ನನ್ನ ಹೆಸರು ನನಗೆ ವಾಪಸು ಬರಬಹುದೆಂದು ಸ್ವಲ್ಪ ದಿನ ಕಾದೆ. ಯಾರಿಗೂ ಅದು ಹೊಳೆಯಲಿಲ್ಲ.

ಆದರೆ ನಮ್ಮ ತವರಿನ ಗಂಡಸರ ಹೆಸರುಗಳ ಕಥೆ ಇದಕ್ಕಿಂತ ಕೆಟ್ಟದ್ದು. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಪದ್ಧತಿ. ಸೊಸೆಯಾದವಳು ಮಾವನ ಹೆಸರು ಹೇಳಬಾರದು ಎಂಬುದೂ ಪದ್ಧತಿ. ಎರಡನ್ನೂ ಒಟ್ಟಿಗೆ ಪಾಲಿಸಿದರೆ ಏನಾಗುತ್ತದೆ, ನೀವೇ ಯೋಚನೆ ಮಾಡಿ. ಹೆತ್ತ ತಾಯಿ ತನ್ನ ಮಗನ ಹೆಸರು ಕರೆಯುವ ಹಾಗಿಲ್ಲ! ನಮ್ಮಪ್ಪನಿಗೆ ಇಟ್ಟ ಹೆಸರು ಸಿದ್ದಪ್ಪ. ನಮ್ಮಜ್ಜಿ ಅದನ್ನು ಸಾಯುವವರೆಗೆ ಬಾಯಲ್ಲಿ ತರಲಿಲ್ಲ. ಇಡೀ ವಂಶದಲ್ಲಿ ಯಾರಿಗೂ ಇಲ್ಲದ ಹೆಸರು ಹುಡುಕಿ ‘ರಾಜು’ ಎಂದು ಕರೆದಳು. ಅಪ್ಪ ಎಪ್ಪತ್ತು ದಾಟಿ ಹಲ್ಲೆಲ್ಲ ಬಿದ್ದ ಮೇಲೂ ಕಡೂರಿನವರಿಗೆ ರಾಜೂನೇ. ನಮ್ಮ ವಂಶದಲ್ಲಿ ಹೆಸರು ಅನ್ನುವುದು ಬಳಸುವುದಕ್ಕಲ್ಲ, ಇಟ್ಟು ಬೀಗ ಹಾಕುವುದಕ್ಕೆ.

ಅಪ್ಪನಿಗೆ ಸಿದ್ದಪ್ಪ ಎಂದು ಬಂದದ್ದು ಅವನ ಅಜ್ಜನಿಂದ, ಅಂದರೆ ನನ್ನ ಮುತ್ತಜ್ಜನಿಂದ. ಆದರೆ ಆ ಮುತ್ತಜ್ಜನನ್ನೂ ಯಾರೂ ಸಿದ್ದಪ್ಪ ಎಂದು ಕರೆದಿರಲಿಲ್ಲ. ಅವನ ತಾಯಿಗೂ ಒಬ್ಬ ಮಾವ ಇದ್ದನಲ್ಲ, ಅವನೂ ಸಿದ್ದಪ್ಪನೇ. ಅವಳು ಮಗನನ್ನು ‘ಅಜ್ಜಪ್ಪ’ ಎಂದು ಕರೆದು ಕೈತೊಳೆದುಕೊಂಡಳು. ಅಜ್ಜನ ಹೆಸರಿನವನು, ಅಜ್ಜಪ್ಪ. ಇದರಿಂದ ತೊಂದರೆಗೆ ಸಿಕ್ಕಿದವಳು ಮುಂದಿನ ತಲೆಮಾರಿನ ನಮ್ಮಜ್ಜಿ. ಮಾವ ಅಜ್ಜಪ್ಪನಾದ್ದರಿಂದ ‘ಅಜ್ಜ’ ಎಂಬ ಮಾತೇ ಅವಳಿಗೆ ನಿಷಿದ್ಧ. ನಮ್ಮ ಅಜ್ಜನನ್ನು ನಮಗೆ ತೋರಿಸುವಾಗ ‘ಅಗೋ, ನಿಮ್ಮಪ್ಪನ ಅಪ್ಪ’ ಅನ್ನುತ್ತಿದ್ದಳು. ಇನ್ನು ಅಜ್ಜಂಪುರಕ್ಕೆ ಹೋಗಬೇಕಾಗಿ ಬಂದರೆ ಬಸ್ಸಿನಲ್ಲಿ ದೊಡ್ಡ ರಂಪ.

‘ಎಲ್ಲಿಗಜ್ಜಿ?’ ಅನ್ನುತ್ತಿದ್ದ ಕಂಡಕ್ಟರ್.

‘ಬೀರೂರು ದಾಟಿದ್ಮೇಲೆ ಬತ್ತದಲ್ಲ, ಅಲ್ಲಿಗೆ.’

‘ಬೀರೂರು ದಾಟಿದ್ಮೇಲೆ ಪ್ರಪಂಚಾನೇ ಬತ್ತದೆ ಕಣಜ್ಜಿ. ಹೆಸ್ರು ಹೇಳು.’

ಅಜ್ಜಿ ಹೇಳುವಳಲ್ಲ. ಕಂಡಕ್ಟರ್ ಬೇಸತ್ತು ಇನ್ನೂ ಮುಂದಿನ ಊರಿಗೆ ಟಿಕೀಟು ಹರಿದು ಕೈಗೆ ತುರುಕುವನು. ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು ಅಜ್ಜಂಪುರದಲ್ಲೇ ಇಳಿಯುವಳು. ನಾವು ಮಕ್ಕಳು ಕಿಸಿಕಿಸಿ ನಗುತ್ತಿದ್ದೆವು. ಈಗ ನಾನು ದೊಡ್ಡವಳಾಗಿದ್ದೇನೆ, ವಿಚಾರವಂತೆಯಾಗಿದ್ದೇನೆ. ನಮ್ಮನೆಯವರ ಹೆಸರು ಈ ಬರಹದಲ್ಲಿ ಎಲ್ಲೂ ಬಂದಿಲ್ಲವಲ್ಲ ಎಂದು ಕೇಳಬೇಡಿ.

ಹೋದ ವರ್ಷ ಈ ಮುತ್ತಜ್ಜ ನಮ್ಮ ಚೈತ್ರಳ ಮದುವೆಗೆ ಅಡ್ಡ ಬಂದು ನಿಂತ. ಚೈತ್ರ ನಮ್ಮಣ್ಣನ ಮಗಳು. ಬೀರೂರಿನ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಅಜ್ಜಂಪುರದ ಕಿರಣ ದನದ ಡಾಕ್ಟರು. ಇಬ್ಬರೂ ಎಲ್ಲಿ ನೋಡಿಕೊಂಡರು, ಹೇಗೆ ಮೆಚ್ಚಿಕೊಂಡರು ಎಂದು ನಾನು ಕೇಳಲಿಲ್ಲ. ಹುಡುಗ ಒಳ್ಳೆಯವನು, ಜಾತಿ ಒಂದೇ, ಮಠ ಒಂದೇ. ಇಷ್ಟು ಅನುಕೂಲವಾದ ಪ್ರೀತಿ ನಮ್ಮ ಕಡೆ ಅಪರೂಪ ಎಂದು ಅಣ್ಣ ಖುಷಿಯಲ್ಲಿದ್ದ.

ಕಿರಣನ ತಾಯಿ ಅವನು ಚಿಕ್ಕವನಿದ್ದಾಗಲೇ ಹೋದವಳು. ಸಾಕಿದ್ದೆಲ್ಲ ಅವನ ಅಜ್ಜಿ ಹಾಲಮ್ಮ. ಮಾತುಕತೆಗೆಂದು ಕಡೂರಿನ ಅಣ್ಣನ ಮನೆಗೆ ಬಂದಾಗ ಆಕೆಯೇ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತೈದರ ಮೇಲಾಗಿದೆ, ಆದರೂ ಬೆನ್ನು ನೆಟ್ಟಗೆ. ಉಪ್ಪಿಟ್ಟಾಯಿತು, ಕಾಫಿಯಾಯಿತು. ಆಮೇಲೆ ಆಕೆ ಗಂಟಲು ಸರಿಮಾಡಿಕೊಂಡರು.

‘ನಿಮ್ದು ಯಾವ ಬೆಡಗಪ್ಪಾ?’

ಬೆಡಗು ಅಂದರೆ ಒಂದೇ ಬೇರಿನಿಂದ ಒಡೆದ ಮನೆಗಳ ಗುಂಪು. ಒಂದೇ ಬೆಡಗಿನವರೆಲ್ಲ ಅಣ್ಣತಮ್ಮಂದಿರು, ಅಕ್ಕತಂಗಿಯರು. ಅವರೊಳಗೆ ಹೆಣ್ಣು ಕೊಡುವುದು ತರುವುದು ಇಲ್ಲವೇ ಇಲ್ಲ. ಅಣ್ಣ ‘ಹಗೇವಿನೋರು ಕಣಜ್ಜಿ’ ಎಂದ. ಆಕೆ ‘ನಾವು ಕಣಜದೋರು’ ಎಂದರು. ಎಲ್ಲರೂ ನಿರಾಳವಾಗಿ ಎಲೆಅಡಿಕೆ ತಟ್ಟೆ ನೋಡಿದರು. ಅಲ್ಲಿಗೆ ಸುಮ್ಮನಿದ್ದರೆ ನಮ್ಮಣ್ಣ ಹೇಗಾದಾನು?

‘ನಮ್ಮ ಮೂಲವೂ ನಿಮ್ಮೂರೇ ಅಜ್ಜಿ. ನಮ್ಮ ಮುತ್ತಜ್ಜ ಅಜ್ಜಂಪುರದಿಂದಲೇ ಕಡೂರಿಗೆ ಬಂದಿದ್ದು’ ಎಂದು ಹೆಮ್ಮೆಯಿಂದ ಗೋಡೆಯ ಕಡೆ ಕೈ ತೋರಿಸಿದ.

ಗೋಡೆಯಲ್ಲಿ ಮುತ್ತಜ್ಜನ ಫೋಟೋ ಇತ್ತು. ರುಮಾಲು ಸುತ್ತಿ, ಫೋಟೋದವನು ಹೇಳಿದಂತೆ ಉಸಿರು ಹಿಡಿದು, ಇನ್ನೂ ಬಿಡದೆ ಕೂತಿರುವ ಮುದುಕ. ಅವನ ಮೂಗಿನ ಬಲಹೊಳ್ಳೆಯ ಮೇಲೆ ಒಂದು ಕರೀ ಚುಕ್ಕೆ. ನೊಣ ಕೂತು ಮಾಡಿಹೋದದ್ದೆಂದು ನಾವೆಲ್ಲ ತಿಳಿದಿದ್ದೆವು. ಅತ್ತಿಗೆ ಪ್ರತಿ ಹಬ್ಬಕ್ಕೂ ಅದನ್ನು ಒದ್ದೆಬಟ್ಟೆಯಲ್ಲಿ ಉಜ್ಜುತ್ತಿದ್ದಳು.

ಹಾಲಮ್ಮಜ್ಜಿ ಎದ್ದು ಹತ್ತಿರ ಹೋದರು. ಕನ್ನಡಕ ಸರಿಮಾಡಿಕೊಂಡು ಆ ಚುಕ್ಕೆಯನ್ನು ನೋಡಿದರು. ಸೆರಗು ತಲೆಯ ಮೇಲೆ ಹೊದ್ದುಕೊಂಡರು. ‘ಅಯ್ಯೋ ಶಿವನೇ! ಇವ್ರು ನಮ್ಮ ದೊಡ್ಮಾವ!’

ನಮಗೆ ಅರ್ಥವಾಗಲಿಲ್ಲ. ಕಿರಣನೇ ಬಿಡಿಸಿ ಹೇಳಿದ. ‘ಅಜ್ಜಿಯ ಮಾವನಿಗೆ ಒಬ್ಬ ಅಣ್ಣ ಇದ್ರಂತೆ, ಕಡೂರು ಕಡೆ ಹೋದೋರು. ಅಜ್ಜಿ ಹೆಸರು ಹೇಳಲ್ಲ. ಕರಿಯಪ್ಪ ಅಂತ.’

‘ನಮ್ಮ ಮುತ್ತಜ್ಜನ ಹೆಸರು ಅಜ್ಜಪ್ಪ’ ಎಂದ ಅಣ್ಣ. ‘ಸಿದ್ದಪ್ಪ ಅಂತಲೂ ಇತ್ತು’ ಎಂದೆ ನಾನು, ಸಹಾಯ ಮಾಡುವವಳ ಹಾಗೆ.

‘ಹೆಸ್ರು ಏನಾರಾ ಇಟ್ಕಳಿ. ನಾನು ಸೊಸೆಯಾಗಿ ಬಂದ ಹೊಸದ್ರಲ್ಲಿ ಪ್ರತಿ ಮಾರ್ನಮಿ ಹಬ್ಬಕ್ಕೂ ಬತ್ತಿದ್ರು. ಕೈಯಾರೆ ಬಡಿಸಿದೀನಿ. ಮೂಗು ಚುಚ್ಚಿತ್ತು. ಈ ಮನೇಲಿ ನನ್ನ ಹಿರೇಮಗ ಇವ್ನು ಅಂತ ನಮ್ಮತ್ತೆಯ ಅತ್ತೆ ಊರಿಗೆಲ್ಲ ಹೇಳಿದ್ರಂತೆ.’ ಆಕೆ ಚೈತ್ರಳನ್ನು ನೋಡಿದರು, ಕಿರಣನನ್ನು ನೋಡಿದರು. ‘ಒಂದೇ ಬೆಡಗಿನ ಅಣ್ಣತಂಗೀರಾದ್ರಲ್ಲಪ್ಪಾ. ಅಣ್ಣತಂಗೀರಿಗೆ ಅಕ್ಕಿಕಾಳು ಹಾಕೋಕೆ ನಾನು ಇಷ್ಟು ದಿನ ಬದುಕಿರಬೇಕಿತ್ತಾ?’

ಎಲೆಅಡಿಕೆ ತಟ್ಟೆ ಹಾಗೇ ಉಳಿಯಿತು. ಅವರ ಕಾರು ಹೊರಟ ಮೇಲೆ ಅಣ್ಣ ಫೋಟೋದ ಎದುರು ನಿಂತು, ‘ಇಷ್ಟು ವರ್ಷ ಧೂಪ ಹಾಕಿದ್ದಕ್ಕೆ ಸರಿಯಾಗೇ ಮಾಡಿದೆ ಕಣೋ’ ಎಂದು ಹಿರಿಯರನ್ನು ಏಕವಚನದಲ್ಲಿ ಬೈದ.

ಚೈತ್ರ ಅಳುವವಳಲ್ಲ. ಆವತ್ತು ಹಿತ್ತಲ ಕಲ್ಲಿನ ಮೇಲೆ ಕೂತು ಅತ್ತಳು. ‘ಕಿರಣ್‌ಗೆ ಅಜ್ಜಿ ಮಾತು ಮೀರೋಕಾಗಲ್ಲ ಅತ್ತೆ. ಮೀರಿದ್ರೆ ನಂಗೇ ಅವನ ಮೇಲೆ ಗೌರವ ಇರಲ್ಲ. ನೂರು ವರ್ಷದ ಹಿಂದಿನೋರು ಯಾರ ಮಗ ಅನ್ನೋದರ ಮೇಲೆ ನನ್ನ ಮದುವೆ ನಿಂತಿದೆ. ನೀನು ಏನಾದ್ರೂ ಮಾಡು.’

ನಾನು ಸೋದರತ್ತೆ. ಮದುವೆಯಲ್ಲಿ ಕಳಶ ಹಿಡಿಯುವುದು ನನ್ನ ಹಕ್ಕು. ‘ಮಾಡ್ತೀನಿ ಸುಮ್ನಿರು’ ಎಂದೆ. ಏನು ಮಾಡಬೇಕೆಂದು ಮಾತ್ರ ಗೊತ್ತಿರಲಿಲ್ಲ.

ಅಣ್ಣ ತನ್ನ ದಾರಿಯಲ್ಲಿ ಹೊರಟ. ತಾಲ್ಲೂಕು ಕಚೇರಿಗೆ ಹೋಗಿ ಹಳೇ ಪಹಣಿ ತೆಗೆಸಿದ. ಅದರಲ್ಲಿ ‘ಸಿದ್ದಪ್ಪ ಉರುಫ್ ಅಜ್ಜಪ್ಪ’ ಎಂದಿತ್ತು. ಕರಿಯಪ್ಪ ಎಂದು ಇಲ್ಲವೇ ಇಲ್ಲ, ಆದ್ದರಿಂದ ಅವನು ಬೇರೆ ಇವನು ಬೇರೆ ಎಂದು ವಾದ ಹೂಡಿದ. ‘ಹಾಗಾದ್ರೆ ಮೂಗಿನ ತೂತು ಯಾರದ್ದು?’ ಎಂದು ನಮ್ಮನೆಯವರು ಕೇಳಿದರು. ಪಹಣಿಯಲ್ಲಿ ಮೂಗಿನ ಕಾಲಂ ಇಲ್ಲದ್ದರಿಂದ ಅಣ್ಣ ಅದನ್ನು ಮಡಿಸಿಟ್ಟ.

ನನಗೆ ಆಗ ಒಂದು ವಿಷಯ ಹೊಳೆಯಿತು. ನಮ್ಮ ಮನೆಗಳಲ್ಲಿ ಹಿರಿಯರ ವಿಚಾರ ಗೊತ್ತಿದ್ದ ಸೊಸೆಯರು ಬಾಯಿ ಬಿಡುವ ಹಾಗಿರಲಿಲ್ಲ. ಬಾಯಿ ಬಿಡಬಹುದಾದವರು ಹೆಣ್ಣುಮಕ್ಕಳು, ಅಪ್ಪನ ಹೆಸರು ಹೇಳಲು ಅವರಿಗೆ ಯಾವ ಕಟ್ಟೂ ಇಲ್ಲ. ಆದರೆ ಅವರನ್ನು ಮದುವೆ ಮಾಡಿ ಹೊರಗೆ ಕಳಿಸಿಬಿಡುತ್ತೇವೆ. ಮನೆಯಲ್ಲಿ ಉಳಿಯುವ ಗಂಡಸರಿಗೆ ಪಹಣಿ ಬಿಟ್ಟರೆ ಇನ್ನೇನೂ ಗೊತ್ತಿರುವುದಿಲ್ಲ. ಮುತ್ತಜ್ಜನ ಹೆಣ್ಣುಮಕ್ಕಳಲ್ಲಿ ಕೊನೆಯವಳು, ನಮ್ಮಜ್ಜನ ತಂಗಿ ನೀಲಮ್ಮ, ಸಖರಾಯಪಟ್ಟಣದಲ್ಲಿ ಇನ್ನೂ ಇದ್ದಳು. ನಮಗೆಲ್ಲ ಚಿಕ್ಕಜ್ಜಿ.

ಹೋದಾಗ ಚಿಕ್ಕಜ್ಜಿ ಜಗುಲಿಯ ಮೇಲೆ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ವಯಸ್ಸು ತೊಂಬತ್ತು ದಾಟಿದೆ. ಕೈಗೆ ಕಣ್ಣು ಬೇಕಿರಲಿಲ್ಲ, ತಾನಾಗಿ ಸುಲಿಯುತ್ತಿತ್ತು. ನನ್ನನ್ನು ನೋಡಿ, ‘ಯಾರೂ ಸತ್ತಿಲ್ವಲ್ಲ, ಯಾಕ್ ಬಂದೆ?’ ಎಂದಳು. ನಾವು ಅಲ್ಲಿಗೆ ಹೋಗುತ್ತಿದ್ದ ರೀತಿಗೆ ಆ ಪ್ರಶ್ನೆ ಸರಿಯಾಗಿಯೇ ಇತ್ತು.

ಎಲ್ಲ ಹೇಳಿದೆ. ಕೊನೆಗೆ, ‘ನಿಮ್ಮಪ್ಪ ಯಾರು ಚಿಕ್ಕಜ್ಜಿ? ಅಜ್ಜಪ್ಪನೋ ಕರಿಯಪ್ಪನೋ?’ ಎಂದೆ.

‘ಎರಡೂ ಅವ್ನೇ. ಊರ ಹುಡುಗ್ರು ತೌಡಪ್ಪ ಅಂತಲೂ ಕರೀತಿದ್ರಂತೆ.’

ನಾನು ಎದ್ದು ನಿಂತೆ. ‘ಹಾಗಾದ್ರೆ ಕಣಜದೋರ ಮಗನೇ? ಮದುವೆ ಮುರೀತಲ್ಲ!’

‘ತಡ್ಕಳೇ ತಾಯಿ. ತೌಡಪ್ಪ ಅಂದೆ, ಕಿವಿ ಮ್ಯಾಲೆ ಬಿತ್ತಾ ಇಲ್ವಾ? ಮಾರಿದ ಮಗು ಕಣೇ ಅವ್ನು. ಒಂದು ಮೊರ ತೌಡಿಗೆ.’

ಅವಳು ಹೇಳಿದ್ದನ್ನು ನಾನು ಸರಳವಾಗಿ ಹೇಳುತ್ತೇನೆ. ಮುತ್ತಜ್ಜನ ತಾಯಿಗೆ ಹುಟ್ಟಿದ ಮಕ್ಕಳೆಲ್ಲ ತೊಟ್ಟಿಲಲ್ಲೇ ಹೋಗುತ್ತಿದ್ದವು. ಯಮ ಆ ಮನೆ ಗುರುತಿಟ್ಟುಕೊಂಡಿದ್ದಾನೆ ಎಂದು ಎಲ್ಲರಿಗೂ ಹೆದರಿಕೆ. ಅದಕ್ಕೆ ಆ ಕಾಲದವರ ಹತ್ತಿರ ಒಂದು ಉಪಾಯ ಇತ್ತು. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ಪಕ್ಕದ ಮನೆಯವಳಿಗೆ ಮಾರಿಬಿಡುವುದು. ಅವಳು ಬದಲಿಗೆ ಒಂದು ಮೊರ ತೌಡು ಕೊಡುವುದು. ತೌಡಿನಷ್ಟು ಅಗ್ಗದ ಮಗು, ಅದೂ ಬೇರೆಯವರದ್ದು, ಯಮನಿಗೆ ಯಾಕೆ ಬೇಕು? ಮುತ್ತಜ್ಜನನ್ನು ಕೊಂಡವಳು ಪಕ್ಕದ ಮನೆಯ ಕಣಜದವರ ಹೆಂಗಸು. ಕೊಂಡು ಮೂಗು ಚುಚ್ಚಿಸಿದಳು, ತನ್ನ ಮನೆಯ ಹಿರಿಯರ ಪೈಕಿ ಕರಿಯಪ್ಪ ಎಂದು ಹೆಸರಿಟ್ಟಳು, ನನ್ನ ಹಿರೇಮಗ ಎಂದು ಊರಿಗೆಲ್ಲ ಸಾರಿದಳು. ಹೆತ್ತವಳು ಅದೇ ಕೂಸನ್ನು ಮಡಿಲಲ್ಲಿಟ್ಟುಕೊಂಡು, ‘ಯಾರದ್ದೋ ಮಗು, ಪಾಪ, ಹಾಲು ಕುಡಿಸ್ತಿದೀನಿ’ ಎಂದು ಗಟ್ಟಿಯಾಗಿ ಹೇಳುತ್ತಾ ಮೊಲೆಯೂಡಿಸಿದಳಂತೆ. ಯಾರಿಗೆ ಕೇಳಿಸಬೇಕೋ ಅವನಿಗೆ ಕೇಳಿಸಿತು. ಮಗು ಉಳಿಯಿತು.

‘ಅವ್ನ ಮದುವೆಗೆ ಮುಂಚೆ ಅದೇ ಒಂದು ಮೊರ ತೌಡು ವಾಪಸು ಕೊಟ್ಟು ಮಗೂನ ಬಿಡಿಸ್ಕೋಬೇಕು. ಅಷ್ಟರಲ್ಲಿ ಪ್ಲೇಗು ಬಂತು. ಹೆತ್ತೋಳೂ ಹೋದ್ಳು, ಕೊಂಡೋಳೂ ಹೋದ್ಳು. ಊರೇ ಚದುರಿಹೋಯ್ತು. ಬಿಡಿಸ್ಕೊಳ್ಳೋದು ಹಾಗೇ ಉಳೀತು.’ ಚಿಕ್ಕಜ್ಜಿ ಒಂದು ಹುಳುಕು ಕಾಯಿಯನ್ನು ಅಂಗಳಕ್ಕೆ ಎಸೆದಳು. ‘ನಮ್ಮಪ್ಪ ಇನ್ನೂ ಅವ್ರ ಮನೇಲೇ ಅವ್ನೆ.’

ಅಂದರೆ ಯಮನಿಗೆ ಹೇಳಿದ ಸುಳ್ಳನ್ನು ಎರಡು ಮನೆಯವರೂ ಎಷ್ಟು ಚೆನ್ನಾಗಿ ಹೇಳಿದ್ದರೆಂದರೆ, ಸ್ವಲ್ಪ ಕಾಲದ ಮೇಲೆ ತಾವೇ ನಂಬಿಕೊಂಡಿದ್ದರು. ಇಂಥ ತಪ್ಪು ಮಾಡಬೇಕಾದರೆ ನಮ್ಮವರೇ ಆಗಬೇಕು. ಮಗು ಮಾರುವುದು ಜ್ಞಾಪಕವಿರುತ್ತದೆ, ವಾಪಸು ತರುವುದು ಮರೆತುಹೋಗುತ್ತದೆ.

‘ನಿನಗೆ ಯಾರು ಹೇಳಿದ್ರು ಚಿಕ್ಕಜ್ಜಿ?’

ಅವಳ ಕೈ ನಿಂತಿತು. ‘ನನ್ನ ಮೊದಲ್ನೇದು ಉಳೀಲಿಲ್ಲ. ಎರಡ್ನೇದು ಹುಟ್ಟಿದಾಗ ಅಪ್ಪ ಬಸ್ಸು ಹತ್ಕೊಂಡು ಬಂದ. ಬಾಣಂತಿ ಕೋಣೆ ಬಾಗಿಲಲ್ಲೇ ನಿಂತು, ಮಾರಿಬಿಡು ನೀಲಿ, ಮಾರಿಬಿಡು, ನಾನೂ ಮಾರಿದ್ದೋನೇ, ಬದುಕ್ಲಿಲ್ವಾ ಅಂದ. ಅದುವರೆಗೂ ಯಾರಿಗೂ ಹೇಳಿರಲಿಲ್ಲ. ಹೇಳಿದ್ರೆ ಸತ್ತೋಗ್ತೀನಿ ಅಂತ ಭಯ ಇತ್ತು ಅವ್ನಿಗೆ, ಅಷ್ಟು ವಯಸ್ಸಾಗಿದ್ರೂ.’

ಆ ಎರಡನೆಯದು ಬದುಕಿತೇ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ, ಅದೇ ನಮ್ಮ ಹಿಂದೆ ಎಪ್ಪತ್ತರ ಪ್ರಾಯದಲ್ಲಿ ಹೆಗಲ ಮೇಲೆ ಟವಲು ಹಾಕಿಕೊಂಡು ನಿಂತು, ಕಾಫಿಗೆ ಸಕ್ಕರೆ ಎಷ್ಟು ಎಂದು ವಿಚಾರಿಸುತ್ತಿತ್ತು.

‘ಇದನ್ನೆಲ್ಲ ನಮಗೆ ಯಾಕೆ ಹೇಳಲಿಲ್ಲ?’ ಎಂದೆ.

‘ಯಾರು ಕೇಳಿದ್ರು?’ ಎಂದಳು ಚಿಕ್ಕಜ್ಜಿ. ‘ಈಗ ಹೋಗಿ ಬಿಡಿಸ್ಕೊಂಡು ಬನ್ನಿ. ತೌಡು ಹೊಸಾದು ನೋಡಿ ತಗೊಳಿ, ಹುಳ ಬಿದ್ದಿದ್ದು ಕೊಟ್ಗಿಟ್ಟೀರಾ.’

ತರೀಕೆರೆಗೆ ಬಂದು ಸಂತೆಯಲ್ಲಿ ಹೊಸ ಬಿದಿರಿನ ಮೊರ ತಂದೆ. ಸಗಣಿ ಬಳಿದು ಒಣಗಿಸಿದೆ. ತೌಡಿಗೆ ಅಕ್ಕಿ ಮಿಲ್ಲಿಗೆ ಹೋದರೆ ಅಲ್ಲಿಯವನು ‘ಎಷ್ಟು ಮೂಟೆ?’ ಎಂದ. ‘ಒಂದು ಮೊರ’ ಎಂದೆ. ‘ಎಷ್ಟು ದನ ಅವೆ?’ ಎಂದ. ‘ದನ ಇಲ್ಲ, ನಮ್ಮ ಮುತ್ತಜ್ಜನಿಗೆ’ ಎಂದೆ. ಅವನು ನನ್ನ ಮುಖ ನೋಡಿ ದುಡ್ಡು ಬೇಡ ಎಂದುಬಿಟ್ಟ. ಹಾಗೆ ಪುಕ್ಕಟೆ ತಂದದ್ದನ್ನು ಕೊಟ್ಟು ಬಿಡಿಸಿಕೊಳ್ಳುವುದು ಸರಿಯಲ್ಲ ಎಂದು ಬಲವಂತವಾಗಿ ದುಡ್ಡು ಕೊಟ್ಟು ಬಂದೆ. ನಮ್ಮನೆಯವರು ಪೇಪರಿನಿಂದ ತಲೆಯೆತ್ತದೆ, ‘ವಾಪಸು ಬರುವಾಗ ಇಬ್ಬರ ಟಿಕೀಟು ತಗೋ’ ಎಂದರು.

ಅಜ್ಜಂಪುರದ ಬಸ್ಸಿನಲ್ಲಿ ಮೊರವನ್ನು ಬಟ್ಟೆಯಲ್ಲಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತೆ. ತೌಡಿನ ಪುಡಿ ಸೀರೆಗೆಲ್ಲ ಆಯಿತು. ಪಕ್ಕದವಳು ಸೀನಿದಳು. ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ಮತ್ತು ಚೈತ್ರ ಕಡೂರಿನಿಂದ ಬಂದು ಕಾಯುತ್ತಿದ್ದರು. ‘ಈ ಕಾಲದಲ್ಲಿ ಇದೆಲ್ಲ ಏನೇ’ ಎಂದು ಅಣ್ಣ ಗೊಣಗಿದ. ‘ಈ ಕಾಲದಲ್ಲಿ ಬೆಡಗು ಯಾಕೆ ಹೇಳಿದೆ ಮತ್ತೆ?’ ಎಂದೆ. ಅವನು ಮುಂದೆ ನಡೆದ.

ಹಾಲಮ್ಮಜ್ಜಿ ನಡುಮನೆಯಲ್ಲಿ ಕಂಬಕ್ಕೊರಗಿ ಕೂತು ನಾನು ಹೇಳಿದ್ದನ್ನೆಲ್ಲ ಕೇಳಿದರು. ಕಿರಣ ಬಾಗಿಲಲ್ಲಿ ನಿಂತಿದ್ದ. ಅಜ್ಜಿಗೆ ಸಂತೋಷವಾದೀತು, ಮದುವೆಯ ದಾರಿ ಬಿಟ್ಟಿತಲ್ಲ ಎಂದು ನಾನು ಎಣಿಸಿದ್ದೆ. ಆಕೆಯ ಮುಖ ಬಿಗಿಯಿತು.

‘ಮಾರಿದ್ರಾ? ನಮ್ಮ ದೊಡ್ಮಾವನ್ನ?’

‘ಹೂಂ ಅಜ್ಜಿ. ಬಿಡಿಸ್ಕೊಳ್ಳೋದು ಉಳಿದಿತ್ತು. ತೌಡು ತಂದಿದೀವಿ.’

‘ನನಗೆ ತವರಿರಲಿಲ್ಲ ಕಣಮ್ಮ’ ಎಂದರು ಆಕೆ. ‘ಮಾರ್ನಮಿಗೆ ಎಲ್ಲಾ ಸೊಸೇರ ತವರಿಂದಲೂ ಯಾರಾದ್ರೂ ಬರೋರು. ನನಗೆ ಯಾರೂ ಇಲ್ಲ. ಇವ್ರು ಬಂದೋರೇ ನನ್ನ ಕೂಗಿ, ಮಗಾ, ತಗೋ ಅಂತ ಬಳೆ ಕೊಡೋರು. ಅವ್ರು ಹೋದ ವರ್ಷದಿಂದ ಹಿರೇರ ಹಬ್ಬದಲ್ಲಿ ಅವ್ರಿಗೂ ಒಂದು ಎಡೆ ಇಡ್ತಿದೀನಿ. ಬೇರೇರ ಮನೆಯೋರು ಅಂತ ಆಗ್ಲೇ ಗೊತ್ತಾಗಿದ್ರೂ ಇಡ್ತಿದ್ದೆ. ಅವ್ರಿಗೆ ಬದನೇಕಾಯಿ ಆಗ್ತಿರಲಿಲ್ಲ, ಮೈಯೆಲ್ಲ ತುರಿಕೆ. ಅದಕ್ಕೇ ಆವತ್ತು ಈ ಮನೇಲಿ ಬದನೇಕಾಯಿ ತರಲ್ಲ.’

ಅಣ್ಣ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಕಡೂರಿನ ಮನೆಯಲ್ಲಿ ಮುತ್ತಜ್ಜನ ಎಡೆಗೆ ತಪ್ಪದೆ ಇಡುತ್ತಿದ್ದದ್ದು ಬದನೇಕಾಯಿ ಎಣಗಾಯಿ. ಹಿರಿಯರಿಗೆ ಇಷ್ಟ ಎಂದು ಯಾರೋ ಹೇಳಿದ್ದರು. ಯಾರು ಹೇಳಿದ್ದು, ಯಾವ ಹಿರಿಯರಿಗೆ ಎಂದು ನಾವು ವಿಚಾರಿಸಿರಲಿಲ್ಲ. ನನಗೆ ತುಂಬಾ ನಾಚಿಕೆಯಾಯಿತು.

‘ಕೊಡ್ದೇ ಇದ್ರೆ?’ ಎಂದರು ಹಾಲಮ್ಮಜ್ಜಿ.

ಆಕೆ ಕಿರಣನ ಕಡೆ ನೋಡಿದರು. ಅವನು ‘ನೀನು ಹೇಳ್ದಂಗೆ ಅಜ್ಜಿ’ ಎಂದ, ಆದರೆ ಕಣ್ಣು ಚೈತ್ರಳ ಮೇಲಿತ್ತು. ಚೈತ್ರ ಸೆರಗಿನ ಅಂಚು ಸುತ್ತುತ್ತಾ ನಿಂತಿದ್ದಳು. ಅವಳಿಗೆ ಸೀರೆ ಉಡಿಸಿ ಕರೆತಂದದ್ದು ನಾನೇ.

ಹಾಲಮ್ಮಜ್ಜಿ ಮೊರದ ಬಟ್ಟೆ ಬಿಚ್ಚಿದರು. ತೌಡನ್ನು ಬೆರಳಲ್ಲಿ ಹಿಡಿದು ಉಜ್ಜಿದರು, ಮೂಸಿದರು. ‘ಹೊಸ ತೌಡು’ ಎಂದರು. ಆಮೇಲೆ ನನ್ನನ್ನು ನೋಡಿ, ‘ಬದನೇಕಾಯಿ ಇಡಬಾರ್ದು’ ಎಂದರು.

‘ಇಡಲ್ಲ ಅಜ್ಜಿ.’

‘ವರ್ಷಾವರ್ಷ ಇಡಬೇಕು. ಒಂದು ವರ್ಷ ಇಟ್ಟು ಒಂದು ವರ್ಷ ಬಿಡೋದಲ್ಲ.’

‘ಇಡ್ತೀವಿ ಅಜ್ಜಿ’ ಎಂದ ಅಣ್ಣ.

‘ಹಂಗಾದ್ರೆ ಮೊದ್ಲು ನಿಮ್ಮ ಮಗೂನ ಕರ್ಕೊಂಡು ಹೋಗಿ. ಆಮೇಲೆ ನಿಮ್ಮ ಹುಡುಗೀನ ಕರ್ಕೊಂಡು ಬನ್ನಿ’ ಎಂದು ಆಕೆ ಎದ್ದರು. ‘ಕಿರಣಾ, ಅಯ್ನೋರಿಗೆ ಫೋನ್ ಮಾಡಿ ಒಳ್ಳೇ ದಿನ ನೋಡೋಕೆ ಹೇಳು.’ ಚೈತ್ರ ನನ್ನ ಕೈ ಹಿಡಿದು ಎಷ್ಟು ಒತ್ತಿದಳೆಂದರೆ ಬಳೆ ಚುಚ್ಚಿತು.

ಹಾಲಮ್ಮಜ್ಜಿ ಮೊರ ಎತ್ತಿಕೊಂಡು ಹಿತ್ತಲಿಗೆ ಹೋಗಿ ತೌಡನ್ನು ಹಸುವಿನ ಬಾನಿಗೆ ಸುರಿದು ಬಂದರು. ಖಾಲಿ ಮೊರವನ್ನು ಸೆರಗಿನಿಂದ ಒರೆಸಿದರು. ತಮ್ಮದೊಂದು ಹಳೇ ಮೆತ್ತನೆ ಸೀರೆ ತರಿಸಿ ಮಡಿಸಿ ಅದರಲ್ಲಿ ಹಾಸಿದರು. ಆಮೇಲೆ ನೆಲದ ಮೇಲೆ ಕೂತು, ಮಡಿಲಿನಿಂದ ಎರಡೂ ಕೈಯಲ್ಲಿ ಏನನ್ನೋ ಎತ್ತಿದರು. ಕೈಯಲ್ಲಿ ಏನೂ ಇರಲಿಲ್ಲ. ಅದನ್ನು ಮೊರದಲ್ಲಿ ಮಲಗಿಸಿ, ಸೀರೆಯ ತುದಿ ಹೊದಿಸಿ, ಸ್ವಲ್ಪ ಹೊತ್ತು ನೋಡುತ್ತಾ ಕೂತರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮೊರವನ್ನು ನನ್ನ ಕಡೆ ಚಾಚಿದರು.

ನಾನು ತಟ್ಟೆ ಹಿಡಿಯುವ ಹಾಗೆ ಎರಡು ಅಂಚು ಹಿಡಿಯಲು ಹೋದೆ.

‘ಹಂಗಲ್ಲ ಕಣಮ್ಮ’ ಎಂದರು ಹಾಲಮ್ಮಜ್ಜಿ. ‘ಕೆಳಗಿಂದ ಕೈ ಕೊಡು. ಕತ್ತು ಇನ್ನೂ ನಿಂತಿಲ್ಲ.’

ನಾನು ಎಡಗೈ ಕೆಳಗೆ ಕೊಟ್ಟೆ.